ಬಣ್ಣಕ್ಕೆ ಕಟ್ಟುವ ದಂಡ

(ಕೂಟಗಲ್‌ನಲ್ಲಿ ಸೇರಿದ್ದ ಮಹಿಳಾ ಸ್ವಸಹಾಯ ಸಂಘಗಳ ಸಭೆಯಲ್ಲಿ ಆಡಿದ ಮಾತುಗಳ ಬರಹರೂಪ)



ವರದಕ್ಷಿಣೆ ಬಗ್ಗೆ ಮಾತಾಡು ಅಂತ ನನ್ನನ್ನು ಕರೆದಿದ್ದೀರಿ. ವರದಕ್ಷಿಣೆ ಪಿಡುಗು, ಅದನ್ನು ತೊಲಗಿಸಬೇಕು ಅಂತ ನಾವು ಎಷ್ಟು ಸಭೆಗಳಲ್ಲಿ ಹೇಳಿಲ್ಲ! ಹೇಳಿ, ಚಪ್ಪಾಳೆ ತಟ್ಟಿ, ಕಾಫಿ ಕುಡಿದು ಮನೆಗೆ ಹೋಗಿದ್ದೇವೆ. ಅದೇ ವಾರ ಯಾರದೋ ಮನೆಯಲ್ಲಿ ಒಡವೆ ಲೆಕ್ಕ ಹಾಕುವಾಗ ನಾವೇ ಹೋಗಿ ಚಾಪೆ ಮೇಲೆ ಕೂತಿದ್ದೇವೆ. ಅದಕ್ಕೆ ಇವತ್ತು ಆ ಭಾಷಣ ಬೇಡ. ಹೋದ ತಿಂಗಳು ನನ್ನ ಸ್ವಂತ ಮನೆಯಲ್ಲೇ ನಡೆದ ಒಂದು ಸಂಗತಿಯಿಂದ ಶುರು ಮಾಡುತ್ತೇನೆ.

ನನ್ನ ತಂಗಿಯ ಮಗಳನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಹುಡುಗಿ ಓದಿದ್ದಾಳೆ, ನರ್ಸ್ ಕೆಲಸದಲ್ಲಿದ್ದಾಳೆ. ಉಪ್ಪಿಟ್ಟು, ಕೇಸರಿಬಾತ್ ತಿಂದು, ಎಲೆ ಅಡಿಕೆ ಹಾಕಿಕೊಂಡಾದ ಮೇಲೆ ಹುಡುಗನ ತಾಯಿ ನನ್ನ ತಂಗಿಯನ್ನು ಪಕ್ಕಕ್ಕೆ ಕರೆದರು. "ಹುಡ್ಗಿ ಲಕ್ಷಣವಾಗವಳೆ ಕಣಮ್ಮ. ಬಣ್ಣ ಮಾತ್ರ ವಸಿ ಕಮ್ಮಿ. ಅದ್ಕೇನೂ ಯೋಚ್ನೆ ಮಾಡ್ಬೇಡಿ, ಒಡವೇಲಿ ಸರಿ ಮಾಡ್ಕೊಂಡ್ರಾಯ್ತು" ಅಂದರು. ಎಷ್ಟು ಮೆತ್ತಗೆ ಹೇಳಿದರು ಅಂದರೆ, ನಮಗೆ ಏನೋ ಉಪಕಾರ ಮಾಡುತ್ತಿದ್ದಾರೆ ಅನ್ನಬೇಕು. ಸರಿ ಮಾಡಿಕೊಳ್ಳುವುದು ಅಂದರೆ ಮೊದಲು ಆಡಿದ್ದಕ್ಕಿಂತ 50 ಗ್ರಾಂ ಹೆಚ್ಚು ಚಿನ್ನ.

ಮುಂದಿನದು ಕೇಳಿ. ಮರುವಾರ ನಮ್ಮ ಸಂಘದ ಸಭೆಯಲ್ಲಿ ನನ್ನ ತಂಗಿ ಸಾಲಕ್ಕೆ ಅರ್ಜಿ ಕೊಟ್ಟಳು. ಕಾರಣ ಅನ್ನುವ ಕಡೆ "ಸೀಮೆ ಹಸು ಕೊಳ್ಳಲು" ಅಂತ ಬರೆಸಿದ್ದಳು. ಪ್ರತಿನಿಧಿ ಅಂತ ನಾನು ಸಹಿ ಹಾಕಬೇಕು. ಅವಳ ಕೊಟ್ಟಿಗೆಯಲ್ಲಿ ಇನ್ನೊಂದು ಹಸು ಕಟ್ಟಲು ಜಾಗವಿಲ್ಲ ಅನ್ನುವುದು ನನಗೆ ಗೊತ್ತು. ಅದು ಯಾವ ಹಸು ಅನ್ನುವುದೂ ಗೊತ್ತು. ಪೆನ್ನು ಕೈಯಲ್ಲಿ ಹಿಡಿದು ಕೂತೆ. ನೀವು ನನ್ನ ಜಾಗದಲ್ಲಿದ್ದರೆ ಏನು ಮಾಡುತ್ತಿದ್ದಿರಿ? ಅದನ್ನು ಮನಸ್ಸಿನಲ್ಲಿಟ್ಟುಕೊಂಡೇ ನನ್ನ ಮಾತು ಕೇಳಿ. ಇದನ್ನೆಲ್ಲ ಇಲ್ಲಿ ಹೇಳಲು ಆ ಹುಡುಗಿಯೇ ಒಪ್ಪಿಗೆ ಕೊಟ್ಟಿದ್ದಾಳೆ. "ಹೇಳು ದೊಡ್ಡವ್ವ, ನನ್ನ ಹೆಸರು ಮಾತ್ರ ಬ್ಯಾಡ" ಅಂದಳು.

ನಾನೂ ಕಪ್ಪೇ. ನೀವೇ ನೋಡುತ್ತಿದ್ದೀರಲ್ಲ. ನನ್ನ ಮದುವೆಯಲ್ಲೂ ಬಣ್ಣದ ಲೆಕ್ಕ ನಡೆದಿತ್ತು. ನಮ್ಮಪ್ಪ ಹಿಪ್ಪುನೇರಳೆ ಹಾಕಿದ್ದ ತುಂಡು ಭೂಮಿಯನ್ನು ಭೋಗ್ಯಕ್ಕೆ ಹಾಕಿ ಆ ಲೆಕ್ಕ ತೀರಿಸಿದ. ತೀರಿತು ಅಂದುಕೊಂಡ, ಪಾಪ. ನಾನು ಹನ್ನೆರಡು ವರ್ಷ ನೂಲು ಬಿಚ್ಚಾಣಿಕೆ ಮಾಡಿದೆ. ಬಿಸಿನೀರಿನಲ್ಲಿ ಕೈ ಬೆಂದು ಚರ್ಮ ಬೆಳ್ಳಗೆ ಸುಲಿದು ಬರುತ್ತಿತ್ತು. ನಮ್ಮತ್ತೆ ಅದನ್ನು ನೋಡಿ, "ಕೈಯಾದ್ರೂ ಬೆಳ್ಳಗಾಯ್ತಲ್ಲ ಬುಡು" ಅಂತ ನಗುತ್ತಿದ್ದರು. ಗಂಡ ಕುಡಿದು ಹೊಡೆಯುವಾಗಲೂ ಮೊದಲು ಬಾಯಿಗೆ ಬರುತ್ತಿದ್ದದ್ದು ಅದೇ ಮಾತು, ಕರಿಮೂತಿ. ಮಾತು ಮೊದಲು, ಕೈ ಆಮೇಲೆ. ಹೊಡೆಸಿಕೊಂಡವರಿಗೆಲ್ಲ ಈ ಕ್ರಮ ಗೊತ್ತು. ಮನುಷ್ಯರನ್ನು ಹೊಡೆಯುವ ಮುಂಚೆ ಅವರು ಮನುಷ್ಯರಲ್ಲ ಅಂತ ಒಂದು ಹೆಸರು ಇಟ್ಟುಕೊಳ್ಳಬೇಕಾಗುತ್ತದೆ.

ನಮ್ಮ ಸೀಮೆಯ ಹಳೇ ಹೆಸರುಗಳನ್ನು ನೆನಪು ಮಾಡಿಕೊಳ್ಳಿ. ಕರಿಯಪ್ಪ, ಕರಿಗೌಡ, ಕರಿಯಮ್ಮ, ಕಾಳಮ್ಮ. ಕರಿಯಮ್ಮನ ಹೆಸರಲ್ಲಿ ಗುಡಿ ಇದೆ, ಪರ ಇದೆ, ಪೂಜೆ ಇದೆ. ಗುಡಿಯೊಳಗಿನ ವಿಗ್ರಹ ಕರಿಕಲ್ಲು. ತಿನ್ನುವ ರಾಗಿಮುದ್ದೆ ಕಪ್ಪು. ಬೆಳೆ ಚೆನ್ನಾಗಿ ಬರುವ ಮಣ್ಣು ಕಪ್ಪು. ಮಗುವಿಗೆ ದೃಷ್ಟಿಯಾಗದಿರಲಿ ಅಂತ ಇಡುವ ಬೊಟ್ಟೂ ಕಪ್ಪು. ಇಷ್ಟೆಲ್ಲ ಕಪ್ಪನ್ನು ಹಣೆಗೆ ಒತ್ತಿಕೊಳ್ಳುವ ನಾವು ಸೊಸೆಯ ಮುಖದ ಕಪ್ಪಿಗೆ ಮಾತ್ರ ದಂಡ ಹಾಕುತ್ತೇವೆ. ಕರಿಯಮ್ಮ ಅನ್ನುವ ಹೆಸರನ್ನು ಇವತ್ತು ಯಾವ ಮಗುವಿಗೆ ಇಡುತ್ತೀರಿ? ಹೆಸರಾಗಿದ್ದದ್ದು ಬೈಗುಳವಾಗಿ ಹೋಯಿತು.

ಈಗ ನನ್ನದೇ ಒಂದು ತಪ್ಪನ್ನು ನಿಮ್ಮೆದುರು ಒಪ್ಪಿಕೊಳ್ಳಬೇಕು. ಇಷ್ಟು ಅನುಭವಿಸಿದ ನಾನು ಬೇರೆಯವರ ವಿಷಯದಲ್ಲಿ ಹೇಗಿದ್ದೆ?

ಕೆಲವು ವರ್ಷಗಳ ಹಿಂದೆ ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಹೋಗುತ್ತಿದ್ದೆ. ಕಿಟಕಿ ಪಕ್ಕ ಆಫ್ರಿಕಾದ ಒಬ್ಬ ಹುಡುಗಿ ಕೂತಿದ್ದಳು. ಓದಲು ಬಂದವಳಿರಬೇಕು, ತೊಡೆ ಮೇಲೆ ಪುಸ್ತಕದ ಚೀಲ. ಬಸ್ಸು ತುಂಬಿತ್ತು, ಹೆಂಗಸರು ನಿಂತಿದ್ದರು. ಅವಳ ಪಕ್ಕದ ಸೀಟು ಮಾತ್ರ ಖಾಲಿ. ನನಗೆ ಮಂಡಿ ನೋವು. ಆದರೂ ನಾನು ಕೂರಲಿಲ್ಲ. ಯಾಕೆ ಅಂತ ಯಾರಾದರೂ ಕೇಳಿದ್ದರೆ ಉತ್ತರ ಇರಲಿಲ್ಲ. ಅವಳು ಒಂದು ಸಲ ಖಾಲಿ ಸೀಟು ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ಆಮೇಲೆ ಕಿಟಕಿ ಕಡೆ ತಿರುಗಿದಳು. ಆ ನೋಟ ನನಗೆ ಗೊತ್ತಿತ್ತು. ಮದುವೆಯಾದ ಹೊಸದರಲ್ಲಿ ನಾದಿನಿಯರು ಬೆಳ್ಳಗಿನ ವಾರಗಿತ್ತಿಯ ಪಕ್ಕ ಕೂತು, ನನ್ನ ಪಕ್ಕ ಜಾಗ ಬಿಟ್ಟಾಗ ನಾನು ನೋಡುತ್ತಿದ್ದದ್ದೂ ಹಾಗೆಯೇ. ನನಗೆ ಯಾರು ಮಾಡಿದರೆ ಸುಡುತ್ತಿತ್ತೋ ಅದನ್ನೇ ನಾನು ಇನ್ನೊಬ್ಬಳಿಗೆ ಮಾಡಿ, ಕೆಂಗೇರಿಯವರೆಗೆ ನಿಂತೇ ಬಂದೆ.

ಸೀಟು ಬಿಡುವುದು ಸಣ್ಣ ವಿಷಯ ಅನ್ನಿಸಬಹುದು. ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದನ್ನು ನಮ್ಮ ಬೆಂಗಳೂರೇ ತೋರಿಸಿದೆ. 2016ರ ಜನವರಿ 31ರ ರಾತ್ರಿ ಹೆಸರಘಟ್ಟದ ಕಡೆಯ ರಸ್ತೆಯಲ್ಲಿ ಸುಡಾನ್ ದೇಶದ ಒಬ್ಬ ವಿದ್ಯಾರ್ಥಿ ಓಡಿಸುತ್ತಿದ್ದ ಕಾರು ಹರಿದು ನಮ್ಮವಳೊಬ್ಬಳು ಸತ್ತಳು. ಅದು ಘೋರವೇ. ಅವಳ ಮನೆಯವರ ದುಃಖ ದೊಡ್ಡದು. ಆದರೆ ಸುಮಾರು ಅರ್ಧ ಗಂಟೆಯ ನಂತರ ಅದೇ ದಾರಿಯಲ್ಲಿ ಬೇರೊಂದು ಕಾರಿನಲ್ಲಿ ಬಂದ ತಾಂಜಾನಿಯಾ ದೇಶದ ವಿದ್ಯಾರ್ಥಿನಿಯನ್ನು ಗುಂಪು ಹಿಡಿದು ಹೊಡೆಯಿತು. ಬಟ್ಟೆ ಹರಿಯಿತು. ಕಾರಿಗೆ ಬೆಂಕಿ ಇಟ್ಟಿತು. ಅಪಘಾತಕ್ಕೂ ಅವಳಿಗೂ ಏನೂ ಸಂಬಂಧವಿರಲಿಲ್ಲ. ದೇಶವೂ ಬೇರೆ. ಬಣ್ಣ ಒಂದೇ ಅನ್ನುವುದೊಂದೇ ಅವಳ ಅಪರಾಧ. ತಪ್ಪು ಮಾಡಿದವನು ಗಂಡಸು, ಸಿಟ್ಟು ತೀರಿಸಿಕೊಂಡದ್ದು ಹೆಣ್ಣಿನ ಮೈ ಮೇಲೆ. ಈ ನ್ಯಾಯ ನಮಗೆ ಹೊಸದೇ? ಊರಿನ ಜಗಳದಲ್ಲಿ, ಜಾತಿಯ ಜಗಳದಲ್ಲಿ, ಅಣ್ಣತಮ್ಮಂದಿರ ಪಾಲಿನ ಜಗಳದಲ್ಲಿ ಕೊನೆಗೆ ಎಳೆದಾಡುವುದು ಯಾರ ಸೆರಗನ್ನು?

ಆಫ್ರಿಕಾ ಎಲ್ಲೋ ಸಮುದ್ರದ ಆಚೆ ಇದೆ, ನಮಗೂ ಅದಕ್ಕೂ ಏನು ಅಂತ ನೀವು ಕೇಳಬಹುದು. ಆಫ್ರಿಕಾದಿಂದ ಬಂದವರ ವಂಶದವರು ನಮ್ಮ ಕರ್ನಾಟಕದಲ್ಲೇ ನೂರಾರು ವರ್ಷಗಳಿಂದ ಇದ್ದಾರೆ. ಅವರೇ ಸಿದ್ದಿಯರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ, ಜೋಯಿಡಾ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ, ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕೆಲವು ಕಡೆ ಅವರ ಮನೆಗಳಿವೆ. ಹಿಂದೂಗಳಿದ್ದಾರೆ, ಮುಸಲ್ಮಾನರಿದ್ದಾರೆ, ಕ್ರೈಸ್ತರಿದ್ದಾರೆ. ಮನೆಯಲ್ಲಿ ಹೆಚ್ಚಾಗಿ ಕೊಂಕಣಿ, ಹೊರಗೆ ಕನ್ನಡ.

ಅವರು ಹೇಗೆ ಬಂದರು? ಹೆಚ್ಚಿನವರು ಆಸೆಪಟ್ಟು ಬರಲಿಲ್ಲ. ಪೋರ್ಚುಗೀಸರು 1510ರಲ್ಲಿ ಗೋವಾ ಹಿಡಿದ ಮೇಲೆ ಮೊಜಾಂಬಿಕ್ ಮುಂತಾದ ಪೂರ್ವ ಆಫ್ರಿಕಾದ ಕಡೆಯಿಂದ ಜನರನ್ನು ಹಡಗಿನಲ್ಲಿ ತಂದು ಗೋವಾದಲ್ಲಿ ಮಾರುತ್ತಿದ್ದರು. ಅದಕ್ಕೂ ಮುಂಚೆಯೇ ಅರಬ್ ವ್ಯಾಪಾರಿಗಳು ತರುತ್ತಿದ್ದರು. ಗಂಡಸರನ್ನು ಸಿಪಾಯಿಗಿರಿಗೆ, ಹೊರೆ ಹೊರಲು ಇಟ್ಟುಕೊಂಡರು. ಹೆಂಗಸರನ್ನು ಒಲೆಗೆ, ನೀರಿಗೆ, ಯಜಮಾನನ ಹಾಸಿಗೆಗೆ ಇಟ್ಟುಕೊಂಡರು. ಹೊಡೆತ ತಾಳದೆ ಕತ್ತಲಲ್ಲಿ ಓಡಿ ಘಟ್ಟ ಹತ್ತಿ ನಮ್ಮ ಕಾಡು ಸೇರಿದವರ ಮಕ್ಕಳ ಮಕ್ಕಳು ಇವತ್ತಿನ ಸಿದ್ದಿಯರಲ್ಲಿ ಬಹಳ ಮಂದಿ. ಹೀಗೆ ಬಂದವರಲ್ಲಿ ಅಧಿಕಾರಕ್ಕೇರಿದವರೂ ಇದ್ದರು. ಇಥಿಯೋಪಿಯಾದಲ್ಲಿ ಹುಟ್ಟಿ ಗುಲಾಮನಾಗಿ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರ ರಾಜ್ಯದ ಆಡಳಿತವನ್ನೇ ನಡೆಸಿದ, ಮೊಗಲರ ಸೈನ್ಯವನ್ನು ವರ್ಷಗಟ್ಟಲೆ ತಡೆದ, 1626ರಲ್ಲಿ ಸತ್ತ. ಆದರೆ ಚರಿತ್ರೆಯ ಪುಸ್ತಕದಲ್ಲಿ ಸೇನಾಪತಿಯ ಹೆಸರು ಉಳಿಯುತ್ತದೆ, ನೀರು ಹೊತ್ತವಳ ಹೆಸರು ಉಳಿಯುವುದಿಲ್ಲ.

ನಮ್ಮ ಒಕ್ಕೂಟದಿಂದ ಒಂದು ಸಲ ಯಲ್ಲಾಪುರದ ಕಡೆ ಅಧ್ಯಯನ ಪ್ರವಾಸ ಹೋಗಿದ್ದೆವು. ಅಲ್ಲಿ ಒಂದು ಸಿದ್ದಿ ಕೇರಿಯಲ್ಲಿ ಜಗಲಿ ಮೇಲೆ ಹೆಂಗಸರು ಕೌದಿ ಹೊಲಿಯುತ್ತಾ ಕೂತಿದ್ದರು. ಹಳೇ ಸೀರೆ, ರವಿಕೆ, ಮಕ್ಕಳ ಅಂಗಿ ಎಲ್ಲ ತುಂಡು ಮಾಡಿ ಹೊಲಿಯುತ್ತಾರೆ. ಅವರು ಹೊಲಿಗೆ ಶುರು ಮಾಡುವುದು ಅಂಚಿನಿಂದ. ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರುತ್ತಾರೆ. ನಾಲ್ಕು ಮೂಲೆಗೂ ಬಟ್ಟೆಯನ್ನು ಮುಕ್ಕೋನ ಮಡಿಸಿ ಇಡುತ್ತಾರೆ, ಅದಕ್ಕೆ ಫುಲಾ ಅನ್ನುತ್ತಾರೆ. ಹೂವು ಅಂತ ಅರ್ಥ. ಹೂವಿಲ್ಲದಿದ್ದರೆ ಕೌದಿ ಮುಗಿದಂತಲ್ಲ. ಈ ಕೌದಿಗಳು ಈಗ ಹೊರದೇಶದ ಪ್ರದರ್ಶನಗಳಿಗೂ ಹೋಗಿವೆ.

ಅಲ್ಲಿ ಒಬ್ಬ ಹಿರಿಯರ ಪಕ್ಕ ಕೂತೆ. ಬಸ್ಸಿನಲ್ಲಿ ಕೂರದವಳು ಅಲ್ಲಿ ಕೂತೆ. ಅವರು ಸೂಜಿ ನಿಲ್ಲಿಸದೆ ಹೇಳಿದರು: "ಬೆಂಗಳೂರಿಗೆ ಹೋದ್ರೆ ನಮ್ಮ ಹುಡುಗರನ್ನ ಯಾವ ದೇಶ ಅಂತ ಕೇಳ್ತಾರೆ ತಂಗಿ. ಯಲ್ಲಾಪುರ ಅಂದ್ರೆ ನಗ್ತಾರೆ. ಕನ್ನಡ ಮಾತಾಡಿದ್ರೆ, ಎಷ್ಟು ಚೆಂದ ಕಲಿತಿದ್ದೀರಿ ಅಂತಾರೆ. ನಮ್ಮಜ್ಜಿ ಹುಟ್ಟಿದ್ದು ಇದೇ ಮಣ್ಣಲ್ಲಿ. ಆಫ್ರಿಕಾ ಯಾವ ದಿಕ್ಕಿಗಿದೆ ಅಂತ ನನಗೆ ಗೊತ್ತಿಲ್ಲ. ಇಲ್ಲಿಯೋರು ನೀವು ಇಲ್ಲಿಯೋರಲ್ಲ ಅಂತಾರೆ. ಹಾಗಾದ್ರೆ ನಾವು ಎಲ್ಲಿಯೋರು?"

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಎಲ್ಲಿಯವರು ಅನ್ನುವ ಪ್ರಶ್ನೆ ಹೆಣ್ಣಾದ ನಮಗೂ ಹೊಸದಲ್ಲ. ತವರಿನಲ್ಲಿ ನಾವು ಕೊಟ್ಟ ಮನೆಗೆ ಸೇರಿದವರು. ಕೊಟ್ಟ ಮನೆಯಲ್ಲಿ ಹೊರಗಿನಿಂದ ಬಂದವಳು. ರಾತ್ರಿ ಹನ್ನೊಂದಕ್ಕೆ ಮಗು ಎತ್ತಿಕೊಂಡು ಬೀದಿಗೆ ತಳ್ಳಿಸಿಕೊಂಡವಳಿಗೆ ಗೊತ್ತು, ತನಗೆ ಊರು ಎಷ್ಟಿದೆ ಅಂತ. ಆದರೂ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಅವರ ಕಷ್ಟವೂ ನಮ್ಮ ಕಷ್ಟವೂ ಒಂದೇ ಅಂತ ನಾನು ಹೇಳುವುದಿಲ್ಲ. ಹಡಗಿನಲ್ಲಿ ಸರಪಳಿ ಹಾಕಿ ತಂದು ಮಾರುವುದು ಬೇರೆ, ಶಾಮಿಯಾನ ಹಾಕಿ ಮದುವೆ ಮಾಡಿ ಕಳಿಸುವುದು ಬೇರೆ. ನಮಗೆ ತವರಿನ ಹೆಸರಾದರೂ ಗೊತ್ತು. ಅವರಿಂದ ಊರು, ಭಾಷೆ, ಹೆಸರು ಎಲ್ಲವನ್ನೂ ಕಿತ್ತುಕೊಂಡರು. ಜೊತೆಗೆ ಸಿದ್ದಿ ಹೆಣ್ಣುಮಗಳಿಗೆ ನಮ್ಮೆಲ್ಲರ ಕಷ್ಟವೂ ಇದೆ, ಅದರ ಮೇಲೆ ಅವಳದೇ ಆದದ್ದೂ ಇದೆ. "ಕುಡಿದು ಹೊಡೆಯೋರು ನಮ್ಮಲ್ಲೂ ಇದ್ದಾರೆ" ಅಂತ ಅವರೇ ಹೇಳಿದರು. ಹೊರಗಿನವರ ಹತ್ತಿರ ಅದನ್ನು ಹೇಳಿಕೊಳ್ಳುವುದು ಇನ್ನೂ ಕಷ್ಟ. ಸಿದ್ದಿಯರೇ ಹಾಗೆ ಅಂದುಬಿಡುತ್ತಾರಲ್ಲ ಅನ್ನುವ ಭಯ. ನಮ್ಮ ಗಂಡ ಹೊಡೆದರೆ ಆ ಗಂಡಸು ಕೆಟ್ಟವನು ಅನ್ನುತ್ತಾರೆ. ಅವರ ಗಂಡ ಹೊಡೆದರೆ ಆ ಜನವೇ ಕೆಟ್ಟದು ಅನ್ನುತ್ತಾರೆ.

ಆದರೆ ಅವರು ಸುಮ್ಮನೆ ಕೂತವರಲ್ಲ. ಸಂಘಟನೆ ಕಟ್ಟಿದರು, ಅರ್ಜಿ ಹಾಕಿದರು, ಬೀದಿಗಿಳಿದರು. 2003ರಲ್ಲಿ ಉತ್ತರ ಕನ್ನಡದ ಸಿದ್ದಿಯರನ್ನು ಪರಿಶಿಷ್ಟ ಪಂಗಡಕ್ಕೆ ಸೇರಿಸಲಾಯಿತು. ಧಾರವಾಡ, ಬೆಳಗಾವಿಯ ಸಿದ್ದಿಯರು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ಅದೇ 2020ರಲ್ಲಿ ಶಾಂತಾರಾಮ ಸಿದ್ದಿಯವರು ನಮ್ಮ ವಿಧಾನ ಪರಿಷತ್ತಿಗೆ ನಾಮಕರಣಗೊಂಡರು. ಆ ಸಮುದಾಯದಿಂದ ಅಲ್ಲಿಗೆ ಹೋದವರಲ್ಲಿ ಅವರೇ ಮೊದಲಿಗರು. ಗುಜರಾತಿನ ಜಂಬೂರಿನ ಹೀರಾಬಾಯಿ ಲೋಬಿ ಅನ್ನುವ ಸಿದ್ದಿ ಮಹಿಳೆ ತಮ್ಮ ಕಡೆಯ ಹೆಣ್ಣುಮಕ್ಕಳನ್ನು ಒಟ್ಟುಗೂಡಿಸಿ ದುಡಿಮೆಗೆ, ಮಕ್ಕಳ ಓದಿಗೆ ದಾರಿ ಮಾಡಿದರು. 2023ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಇನ್ನೊಂದು ವಿಷಯವನ್ನು ನೀವು ಗಮನಿಸಬೇಕು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಮದುವೆಯಾದವರಿಗೆ ಹಕ್ಕುಪತ್ರ ಕೊಡುವಾಗ ಗಂಡ ಹೆಂಡತಿ ಇಬ್ಬರ ಹೆಸರಿನಲ್ಲೂ ಕೊಡಬೇಕು. ಕಾಡಂಚಿನ ಹೆಣ್ಣುಮಗಳಿಗೆ ಕಾನೂನು ಕೊಟ್ಟ ಈ ಜಾಗ ನಮ್ಮ ಎಷ್ಟು ಮನೆಗಳ ಪಹಣಿಯಲ್ಲಿದೆ? ನಿಮ್ಮ ಮನೆ ಪಹಣಿಯಲ್ಲಿ ನಿಮ್ಮ ಹೆಸರಿದೆಯೇ? ಕೈ ಎತ್ತಿ ನೋಡೋಣ. ... ಎಷ್ಟು ಕೈ ಅಂತ ನೀವೇ ಎಣಿಸಿಕೊಳ್ಳಿ.

ಈಗ ಸ್ವಲ್ಪ ದೂರ, ಅಮೆರಿಕಕ್ಕೆ ಹೋಗೋಣ. ಅಲ್ಲಿಗೂ ಆಫ್ರಿಕಾದಿಂದ ಲಕ್ಷ ಲಕ್ಷ ಜನರನ್ನು ಹೀಗೇ ಹಡಗಿನಲ್ಲಿ ಹೊತ್ತೊಯ್ದರು. ನಮ್ಮ ಅಂಬೇಡ್ಕರ್ ಅವರು ಅಮೆರಿಕದಲ್ಲಿ ಓದಿದವರು. 1946ರಲ್ಲಿ ಕಪ್ಪು ಜನರ ನಾಯಕ ಡುಬಾಯ್ಸ್ ಅವರಿಗೆ ಅವರು ಕಾಗದ ಬರೆದರು. ಕಪ್ಪು ಜನ ವಿಶ್ವಸಂಸ್ಥೆಗೆ ಕೊಟ್ಟ ಅರ್ಜಿಯ ಪ್ರತಿ ಬೇಕು ಅಂತ ಕೇಳಿದರು. ಊರ ಕೆರೆಯ ನೀರು ಮುಟ್ಟಬಾರದು ಅನ್ನಿಸಿಕೊಂಡವರಿಗೂ ಬಸ್ಸಿನ ಮುಂದಿನ ಸೀಟಿನಲ್ಲಿ ಕೂರಬಾರದು ಅನ್ನಿಸಿಕೊಂಡವರಿಗೂ ಮಾತಾಡಿಕೊಳ್ಳಲು ಬೇಕಾದಷ್ಟಿದೆ ಅಂತ ಅವರಿಗೆ ಅವತ್ತೇ ಗೊತ್ತಿತ್ತು.

ಅಲ್ಲಿಯ ಇಬ್ಬರು ಹೆಂಗಸರ ಕಥೆ ಹೇಳುತ್ತೇನೆ. ಒಬ್ಬಳು ಸೊಜರ್ನರ್ ಟ್ರೂತ್. ನ್ಯೂಯಾರ್ಕ್ ಸೀಮೆಯಲ್ಲಿ ಗುಲಾಮಳಾಗಿಯೇ ಹುಟ್ಟಿದವಳು. 1826ರಲ್ಲಿ ಕಂಕುಳಲ್ಲಿ ಹಸುಗೂಸು ಎತ್ತಿಕೊಂಡು ಯಜಮಾನನ ಮನೆ ಬಿಟ್ಟು ಹೊರಟಳು. ಅವಳ ಇನ್ನೊಬ್ಬ ಮಗನನ್ನು ಕಾನೂನು ಮೀರಿ ದೂರದ ಅಲಬಾಮಾಕ್ಕೆ ಮಾರಿಬಿಟ್ಟಿದ್ದರು. ಓದು ಬರಹ ಬಾರದ ಆ ಕಪ್ಪು ಹೆಂಗಸು ಕೋರ್ಟಿಗೆ ಹೋದಳು. 1828ರಲ್ಲಿ ಗೆದ್ದು ಮಗನನ್ನು ವಾಪಸು ಪಡೆದಳು. ಕೋರ್ಟು ಕಚೇರಿ ನಮ್ಮಂಥವರಿಗಲ್ಲ ಅಂತ ಹೇಳುವ ಮುಂಚೆ ಅವಳನ್ನು ನೆನಪು ಮಾಡಿಕೊಳ್ಳಿ.

ಇನ್ನೊಬ್ಬಳು ಜಾರ್ಜಿಯಾ ಗಿಲ್ಮೋರ್. ಇವಳ ಕಥೆ ನಮ್ಮ ಸಂಘಗಳಿಗೆ ಹೇಳಿ ಮಾಡಿಸಿದ ಹಾಗಿದೆ. 1955ರಲ್ಲಿ ಮಾಂಟ್ಗೊಮರಿ ಅನ್ನುವ ಊರಿನಲ್ಲಿ ರೋಸಾ ಪಾರ್ಕ್ಸ್ ಅನ್ನುವ ಕಪ್ಪು ಮಹಿಳೆ ಬಸ್ಸಿನಲ್ಲಿ ಬಿಳಿಯನಿಗೆ ಸೀಟು ಬಿಡಲು ಒಪ್ಪಲಿಲ್ಲ. ಪೊಲೀಸರು ಹಿಡಿದರು. ಆಗ ಊರಿನ ಕಪ್ಪು ಜನ, ನಮಗೆ ಮರ್ಯಾದೆ ಇಲ್ಲದ ಬಸ್ಸು ನಮಗೆ ಬೇಡ ಅಂದರು. 381 ದಿನ ಬಸ್ಸು ಹತ್ತಲಿಲ್ಲ. ಆದರೆ ಮನೆಗೆಲಸಕ್ಕೆ, ಅಡುಗೆ ಕೆಲಸಕ್ಕೆ ದೂರ ದೂರ ಹೋಗುವವರು ಹೇಗೆ ಹೋಗಬೇಕು? ಕೆಲವರು ನಡೆದರು. ಉಳಿದವರಿಗಾಗಿ ಕಾರು, ವ್ಯಾನುಗಳನ್ನು ಓಡಿಸಿದರು. ಪೆಟ್ರೋಲಿಗೆ ದುಡ್ಡು ಎಲ್ಲಿಂದ ಬಂತು? ಒಂದು ಪಾಲು ಬಂದದ್ದು ಹೆಂಗಸರ ಒಲೆಯಿಂದ. ಅಡುಗೆ ಕೆಲಸದ ಜಾರ್ಜಿಯಾ ತನ್ನಂಥ ಹೆಂಗಸರನ್ನು ಕೂಡಿಸಿಕೊಂಡು ಊಟ, ಕೇಕು, ಕೋಳಿ ಕರಿದದ್ದು ಮಾಡಿ ಮಾರಿದಳು. ಬಂದ ಹಣವನ್ನು ವಾರವಾರ ಚಳವಳಿಗೆ ಕೊಟ್ಟಳು. ಯಾರು ಕೊಟ್ಟರು ಅಂತ ಗೊತ್ತಾದರೆ ಆ ಹೆಂಗಸರ ಕೆಲಸ ಹೋಗುತ್ತದೆ, ಬಾಡಿಗೆ ಮನೆ ಹೋಗುತ್ತದೆ. ಅದಕ್ಕೆ ತಮ್ಮ ಗುಂಪಿಗೆ ಅವರು ಇಟ್ಟ ಹೆಸರು ಏನು ಗೊತ್ತೇ? ಎಲ್ಲಿಯದೂ ಅಲ್ಲದ ಸಂಘ. ದುಡ್ಡು ಎಲ್ಲಿಂದ ಬಂತು ಅಂದರೆ, ಎಲ್ಲಿಂದಲೂ ಇಲ್ಲ. ಜಾರ್ಜಿಯಾ ಕೋರ್ಟಿನಲ್ಲಿ ಸಾಕ್ಷಿ ಹೇಳಿದ್ದಕ್ಕೆ ಅವಳ ಕೆಲಸ ಹೋಯಿತು. ಅವಳು ತನ್ನ ಮನೆಯಲ್ಲೇ ಅಡುಗೆ ಮಾಡಿ ಮಾರಿ ಬದುಕಿದಳು. 1956ರ ಡಿಸೆಂಬರಿನಲ್ಲಿ ಆ ಜನ ಗೆದ್ದು, ಬಸ್ಸು ಹತ್ತಿ, ಬೇಕಾದ ಸೀಟಿನಲ್ಲಿ ಕೂತರು.

ತಂಗಿಯರೇ, ಇದನ್ನು ಓದಿದ ದಿನವೇ ನನ್ನ ತಂಗಿಯ ಸಾಲದ ಅರ್ಜಿ ನನ್ನ ಚೀಲದಲ್ಲಿತ್ತು. ಅಲ್ಲಿಯ ಹೆಂಗಸರು ಕೈಯಿಂದ ಕೈಗೆ ಕೂಡಿಸಿದ ಚಿಲ್ಲರೆ ಹಣ ಅವಮಾನವನ್ನು ಎದುರಿಸಲು ಹೋಯಿತು. ನಾವು ವಾರವಾರ ಹೊಟ್ಟೆ ಬಟ್ಟೆ ಕಟ್ಟಿ ಕೂಡಿಸಿದ ಹಣ ಅವಮಾನಕ್ಕೆ ದಂಡ ಕಟ್ಟಲು ಹೋಗುತ್ತಿದೆ. ರಾಮನಗರದ ಗೂಡಿನ ಮಾರುಕಟ್ಟೆಯಲ್ಲಿ ಗೂಡು ಮಾರಿದವರು ದುಡ್ಡು ಎಣಿಸಿಕೊಂಡು ಬರುತ್ತಾರೆ. ಮಗಳ ಮದುವೆ ಮಾರುಕಟ್ಟೆಯಲ್ಲಿ ಮಾತ್ರ ಕೊಡುವವರೇ ದುಡ್ಡನ್ನೂ ಕೊಡಬೇಕು! ಬಣ್ಣ ಕಮ್ಮಿಯಾದರೆ ಇನ್ನೂ ಜಾಸ್ತಿ ಕೊಡಬೇಕು. ಆ ಹಣ ಎಲ್ಲಿಂದ ಬರುತ್ತಿದೆ? ನಮ್ಮ ಸಂಘದಿಂದ. ಹಸುವಿನ ಹೆಸರಲ್ಲಿ, ಅಂಗಡಿಯ ಹೆಸರಲ್ಲಿ, ಟೈಲರಿಂಗ್ ಮಿಷನ್ ಹೆಸರಲ್ಲಿ. ಹೆಣ್ಣು ತನ್ನ ಕಾಲ ಮೇಲೆ ನಿಲ್ಲಲಿ ಅಂತ ಮಾಡಿದ ಸಂಘ ವರದಕ್ಷಿಣೆಯ ಬ್ಯಾಂಕಾಗಿ ಹೋಗಿಲ್ಲವೇ? ಎದೆ ಮುಟ್ಟಿಕೊಂಡು ಹೇಳಿ.

ಕಪ್ಪಿನ ಬಗ್ಗೆ ಜಗತ್ತು ಸ್ವಲ್ಪ ಸ್ವಲ್ಪ ನಾಚಿಕೊಳ್ಳುತ್ತಿದೆ. 2020ರಲ್ಲಿ ಅಮೆರಿಕದ ಪೊಲೀಸನೊಬ್ಬ ಜಾರ್ಜ್ ಫ್ಲಾಯ್ಡ್ ಅನ್ನುವ ಕಪ್ಪು ಮನುಷ್ಯನ ಕುತ್ತಿಗೆ ಮೇಲೆ ಮಂಡಿ ಊರಿ ಕೊಂದ. ಎಷ್ಟೋ ದೇಶಗಳಲ್ಲಿ ಜನ ಎದ್ದರು. ಆ ಗಾಳಿ ನಮ್ಮ ಪೆಟ್ಟಿಗೆ ಅಂಗಡಿಯವರೆಗೂ ಬಂತು. 1975ರಿಂದ ಮಾರುತ್ತಿದ್ದ ಫೇರ್ ಅಂಡ್ ಲವ್ಲಿ ಕ್ರೀಮು ಅದೇ ವರ್ಷ ಗ್ಲೋ ಅಂಡ್ ಲವ್ಲಿ ಆಯಿತು. ಹೆಸರು ಬದಲಾಯಿತು, ಟ್ಯೂಬು ಮಾತ್ರ ಅದೇ ಶೆಲ್ಫಿನಲ್ಲಿದೆ. ನಾನೂ ನನ್ನ ಮಗಳಿಗೆ ಅದನ್ನು ತಂದು ಕೊಟ್ಟವಳೇ. ಕಂಪನಿಯನ್ನು ಬೈದು ನಾನು ತಪ್ಪಿಸಿಕೊಳ್ಳಲಾರೆ.

ಈಗ ಕಾನೂನಿನ ಮಾತು. ಇದನ್ನು ಬರೆದಿಟ್ಟುಕೊಳ್ಳಿ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯಲ್ಲಿ ಕೊಡುವುದು, ತೆಗೆದುಕೊಳ್ಳುವುದು ಎರಡೂ ಅಪರಾಧ. ಬರೀ ಕೇಳಿದರೂ ಅಪರಾಧವೇ. ಮದುವೆ ಆಗಿರಬೇಕು ಅಂತ ಇಲ್ಲ. "ಒಡವೇಲಿ ಸರಿ ಮಾಡ್ಕೊಳ್ಳೋಣ" ಅನ್ನುವುದೂ ಕೇಳಿದ್ದೇ. ಅದಕ್ಕೆ 6 ತಿಂಗಳಿಂದ 2 ವರ್ಷದವರೆಗೆ ಜೈಲಿದೆ. 498ಎ ಅಂತ ನಾವೆಲ್ಲ ಬಾಯಿಪಾಠ ಮಾಡಿದ್ದ ಕಲಮು 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 85 ಮತ್ತು 86ನೇ ಕಲಮುಗಳಲ್ಲಿದೆ. ವರದಕ್ಷಿಣೆ ಸಾವು 80ನೇ ಕಲಮು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಹೊಡೆತ ಮಾತ್ರವಲ್ಲ, ಹೀಯಾಳಿಸುವುದು, ಅಡ್ಡಹೆಸರು ಹಿಡಿದು ಅವಮಾನ ಮಾಡುವುದೂ ದೌರ್ಜನ್ಯ ಅಂತಲೇ ಬರೆದಿದೆ. ಹಾಗಾದರೆ ಕರಿಮೂತಿ ಅನ್ನುವುದೂ ಅದರೊಳಗೆ ಬಂತು. ನಮ್ಮ ರಾಜ್ಯದಲ್ಲಿ ಈ ಕಾಯ್ದೆಯ ಸಂರಕ್ಷಣಾಧಿಕಾರಿ ಅಂದರೆ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ. ಅಂಗನವಾಡಿ ಟೀಚರನ್ನು ಕೇಳಿದರೆ ಅವರ ಕಚೇರಿ ತೋರಿಸುತ್ತಾರೆ. ತಕ್ಷಣಕ್ಕೆ ಸಹಾಯವಾಣಿ 181 ಇದೆ, ಪೊಲೀಸರಿಗೆ 112.

ಕೋರ್ಟುಗಳು ಇದನ್ನು ಹೇಗೆ ನೋಡುತ್ತವೆ? 2023ರಲ್ಲಿ ನಮ್ಮ ಕರ್ನಾಟಕ ಹೈಕೋರ್ಟು ಒಬ್ಬ ಗಂಡನಿಗೆ ವಿಚ್ಛೇದನ ಕೊಟ್ಟಿತು. ಹೆಂಡತಿ ಕಪ್ಪು ಅಂತ ಹೀಯಾಳಿಸಿದ್ದು ಕ್ರೌರ್ಯ ಅಂದಿತು. ಸರಿಯಾದ ಮಾತೇ. ಗಂಡಿಗಾದರೂ ನೋವು ನೋವೇ. 2025ರಲ್ಲಿ ಬಾಂಬೆ ಹೈಕೋರ್ಟಿನ ಮುಂದೆ ಇನ್ನೊಂದು ಹಳೇ ಕೇಸು ಇತ್ತು. ಅದರಲ್ಲಿ ಹೆಂಡತಿ 1998ರಲ್ಲೇ ಸತ್ತಿದ್ದಳು. ಕಪ್ಪು ಅಂತ ಮೂದಲಿಸಿದ್ದು ಗಂಡನನ್ನು ಶಿಕ್ಷಿಸುವಷ್ಟು ಗಂಭೀರವಲ್ಲ, ಅದು ಸಂಸಾರದ ಜಗಳ ಅಂತ ಹೇಳಿ ಅವನನ್ನು ಬಿಡುಗಡೆ ಮಾಡಿದರು. ಒಂದು ವಿಚ್ಛೇದನದ ಕೇಸು, ಇನ್ನೊಂದು ಶಿಕ್ಷೆಯ ಕೇಸು. ಎರಡಕ್ಕೂ ಬೇಕಾದ ಸಾಕ್ಷ್ಯದ ಅಳತೆ ಬೇರೆ, ನಿಜ. ಆದರೆ ಇದರಿಂದ ನಾವು ಕಲಿಯಬೇಕಾದ್ದಿದೆ. ಮೂದಲಿಕೆಯನ್ನು ನುಂಗಿಕೊಂಡು ಕೂತರೆ ನಾಳೆ ಅದು ಯಾವ ಲೆಕ್ಕಕ್ಕೂ ಬರುವುದಿಲ್ಲ. ಯಾವ ದಿನ, ಯಾರು, ಯಾರ ಎದುರು, ಏನು ಅಂದರು, ಏನು ಕೇಳಿದರು, ಎಲ್ಲವನ್ನೂ ಬರೆಸಿಡಿ. ಬರೆಯಲು ಬಾರದಿದ್ದರೆ ಸಂಘಕ್ಕೆ ಬಂದು ಹೇಳಿ. ಸಾಲದ ಲೆಕ್ಕ ಪೈಸೆ ಪೈಸೆ ಬರೆಯುವ ನಮಗೆ ಇದನ್ನು ಬರೆಯಲು ಆಗುವುದಿಲ್ಲವೇ?

ಕೊನೆಗೆ ನನ್ನ ಸಹಿಯ ವಿಷಯ. ನಾನು ಸಹಿ ಹಾಕಲಿಲ್ಲ. ತಂಗಿ ಅತ್ತಳು. "ನಿನ್ನ ಮಗಳಾಗಿದ್ರೆ ಹಿಂಗೆ ಮಾಡ್ತಿದ್ದಾ ಅಕ್ಕಾ?" ಅಂದಳು. ಆ ಪ್ರಶ್ನೆಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಅವಳು ನನ್ನ ಹತ್ತಿರ ಸರಿಯಾಗಿ ಮಾತಾಡುತ್ತಿಲ್ಲ. ಸಂಬಂಧ ತಪ್ಪಿತು ಅಂತ ಊರಿನಲ್ಲೂ ನಾಲ್ಕು ಮಾತು ಆಡುತ್ತಿದ್ದಾರೆ. ಹುಡುಗಿ ಮಾತ್ರ ಒಂದು ರಾತ್ರಿ ನನ್ನ ಮನೆಗೆ ಬಂದು ಮುದ್ದೆ ಉಂಡು ಹೇಳಿದಳು: "ಆಸ್ಪತ್ರೇಲಿ ಸೂಜಿ ಚುಚ್ಚೋವಾಗ ಯಾರೂ ನನ್ನ ಬಣ್ಣ ಕೇಳಲ್ಲ ದೊಡ್ಡವ್ವ. ಅವ್ವ ಒಪ್ಪೋಗಂಟ ಕಾಯ್ತೀನಿ. ರೇಟು ಕಟ್ಟಿದ ಮನೆಗೆ ಮಾತ್ರ ಹೋಗಲ್ಲ." ಮುಂದೆ ಏನಾಗುತ್ತದೋ ನಾನು ಹೇಳಲಾರೆ. ಅವಳಿಗೆ ಇನ್ನೂ ಎಷ್ಟು ಸಂಬಂಧಗಳು ಮುರಿಯುತ್ತವೋ. ಆ ಭಾರವನ್ನು ಅವಳೊಬ್ಬಳ ಮೇಲೆ ಹಾಕಿ ನಾವು ಚಪ್ಪಾಳೆ ತಟ್ಟಿದರೆ ಅದು ಮೋಸ. ಅವಳ ಜೊತೆ ಹತ್ತು ಮನೆಯವರು ನಿಲ್ಲಬೇಕು. ನಾವು ಕೊಡುವುದಿಲ್ಲ ಅಂತ ಒಂದು ಮನೆ ಹೇಳಿದರೆ ಅದು ಜಂಬ ಅನ್ನುತ್ತಾರೆ. ಒಂದು ಊರೇ ಹೇಳಿದರೆ ಕೇಳುವವರು ಬಾಯಿ ಮುಚ್ಚುತ್ತಾರೆ. 381 ದಿನ ನಡೆದವರು ಒಬ್ಬೊಬ್ಬರೇ ನಡೆದಿದ್ದರೆ ಗೆಲ್ಲುತ್ತಿರಲಿಲ್ಲ.

ಅದಕ್ಕೆ ಇವತ್ತು ನಾಲ್ಕು ಮಾತನ್ನು ನಿಮ್ಮ ನಡಾವಳಿ ಪುಸ್ತಕದಲ್ಲಿ ಬರೆದುಕೊಳ್ಳಿ ಅಂತ ಕೇಳುತ್ತೇನೆ. ಒಂದು, ವರದಕ್ಷಿಣೆಗೆ ಸಂಘದ ಹಣ ಕೊಡುವುದಿಲ್ಲ. ಸಾಲ ಕೊಡುವ ಮುಂಚೆ ಇಬ್ಬರು ಸದಸ್ಯರು ಮನೆಗೆ ಹೋಗಿ ನೋಡಿ ಬರಬೇಕು. ಎರಡು, ಹೆಣ್ಣು ನೋಡುವ ಕಡೆ ಬಣ್ಣದ ಮಾತು ಬಂದರೆ ಅಲ್ಲಿರುವ ಸಂಘದ ಸದಸ್ಯೆ ಎದ್ದು ಮಾತಾಡಬೇಕು, ಸುಮ್ಮನೆ ಕೂರಬಾರದು. ಮೂರು, ಕರಿ ಅನ್ನುವುದನ್ನು ನಮ್ಮ ಮನೆಯ ಮಕ್ಕಳ ಮೇಲೆ, ಸೊಸೆಯರ ಮೇಲೆ ನಾವೇ ಬೈಗುಳವಾಗಿ ಬಳಸಬಾರದು. ಇದು ಎಲ್ಲಕ್ಕಿಂತ ಕಷ್ಟ, ಯಾಕೆಂದರೆ ಇಲ್ಲಿ ತಪ್ಪು ಮಾಡುವವರು ನಾವೇ. ನಾಲ್ಕು, ಓದಲು, ದುಡಿಯಲು ಯಾವ ದೇಶದಿಂದ, ಯಾವ ಜಿಲ್ಲೆಯಿಂದ ಬಂದ ಹೆಣ್ಣುಮಗಳೇ ಆಗಲಿ, ಬಸ್ಸಿನಲ್ಲಿ ಅವಳ ಪಕ್ಕ ಸೀಟು ಖಾಲಿ ಇದ್ದರೆ ಹೋಗಿ ಕೂರಬೇಕು.

ಮೊನ್ನೆ ಮತ್ತೆ ಬೆಂಗಳೂರಿಗೆ ಹೋಗಿದ್ದೆ. ಹಾಗೆ ಕೂರಬೇಕಾದ ಸೀಟು ಯಾವುದೂ ಸಿಗಲಿಲ್ಲ. ಆ ಹಳೇ ಹುಡುಗಿ ಓದು ಮುಗಿಸಿ ಅವಳ ಊರಿಗೆ ಹೋಗಿರಬಹುದು. ನಮ್ಮ ದೇಶ ಅಂದಾಗ ಅವಳಿಗೆ ಏನು ನೆನಪಾಗುತ್ತದೋ. ಮಂಡಿ ನೋವಿದ್ದೂ ಪಕ್ಕದಲ್ಲಿ ಕೂರದ ಒಬ್ಬ ಕಪ್ಪು ಹೆಂಗಸು ನೆನಪಾಗದಿದ್ದರೆ ಸಾಕು.

ಈಗ ನಡಾವಳಿ ಪುಸ್ತಕ ತೆಗೆಯಿರಿ. ಬರೆಯೋಣ, ಓದಿ ಹೇಳೋಣ, ಆಮೇಲೆ ಸಹಿ ಹಾಕೋಣ. ಇದಕ್ಕೆ ನಾನು ಮೊದಲು ಹಾಕುತ್ತೇನೆ.